ಸ್ಟೂಲಿನ ಎತ್ತರ

ಮೇ ೬

ಲಂಬೂ,

ಅಕ್ಷರ ನೋಡಿ ಗಾಬರಿಯಾಗಬೇಡ. ಬರೆಯುತ್ತಿರುವುದು ನನ್ನ ತಂಗಿ, ಹೇಳುತ್ತಿರುವುದು ನಾನು. ಬ್ಯಾಂಕಿನವರ ಸಭೆಯಲ್ಲಿ ಗ್ರೂಪ್ ಫೋಟೋ ತೆಗೆಯುವಾಗ ಸ್ಟೂಲಿನಿಂದ ಬಿದ್ದೆ. ಬಲಭುಜ ಮುರಿದಿದೆ. ಆ ಗಿಡ್ಡ ಸ್ಟೂಲಿನಿಂದ ಬಿದ್ದು ಯಾರಾದರೂ ಮೂಳೆ ಮುರಿದುಕೊಳ್ಳುತ್ತಾರಾ ಅಂತ ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡು ಬಿದ್ದೆ, ಅದಕ್ಕೇ ಭುಜ ಹೋಯಿತು. ಕ್ಯಾಮೆರಾಕ್ಕೆ ಒಂದು ಗೀರೂ ಆಗಿಲ್ಲ, ಬೇಕಾದರೆ ಬಂದು ನೋಡು.

ತಂಗಿ ನನ್ನನ್ನು ಮೂಟೆ ಕಟ್ಟಿದಂತೆ ಕಟ್ಟಿ ತನ್ನ ಊರಿಗೆ ಕರೆತಂದಿದ್ದಾಳೆ. ರೈಲಿನಲ್ಲಿ ಒಂದು ರಾತ್ರಿಯ ದಾರಿ. ಫೋನು ಮಾಡಬೇಡ. ಫೋನಿನಲ್ಲಿ ನಾವಿಬ್ಬರೂ ಜಗಳವಾಡದೆ ಮಾತು ಮುಗಿಸಿದ್ದು ನನಗೆ ನೆನಪಿಲ್ಲ. ಕಾಗದವಾದರೆ ಕೊನೆಯವರೆಗೆ ಕೇಳಿಸಿಕೊಳ್ಳಲೇಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಗಾಜಿನ ಕಾರ್ಖಾನೆಯ ಕೆಲಸ ಈ ತಿಂಗಳ ಕೊನೆಗೆ ಇದೆ. ವರ್ಷಕ್ಕೊಮ್ಮೆ ಅಲ್ಲಿ ಪ್ರತಿಯೊಬ್ಬ ಕೆಲಸಗಾರರನ್ನೂ ಅವರವರ ಜಾಗದಲ್ಲೇ ನಿಲ್ಲಿಸಿ ಫೋಟೋ ತೆಗೆಯುತ್ತೇನೆ ಅಂತ ನಿನಗೆ ಗೊತ್ತು. ಒಂದು ಪ್ರತಿ ಒಳಗೆ ಹೋಗುವ ಓಣಿಯ ಗೋಡೆಗೆ, ಒಂದು ಅವರ ಮನೆಗೆ. ಈ ವರ್ಷ ಬಾಟ್ಲಮ್ಮನಿಗೆ ನಿವೃತ್ತಿ. ತಯಾರಾದ ಬಾಟಲಿಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವ ಹೆಂಗಸು ಅವಳು. ಅವಳ ಪಟ ದೊಡ್ಡದಾಗಿ, ಬಾಗಿಲಿಗೆ ಎದುರಾಗಿ ಬರಬೇಕು. ನನ್ನ ಬದಲಿಗೆ ನೀನು ಹೋಗು.

ಊರಿನಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಕೆಲಸಕ್ಕೆ ಅಲೆಯುವವರು ಬೇಕಾದಷ್ಟು ಜನ ಇದ್ದಾರೆ. ಬೆನ್ನ ಹಿಂದೆ ರೇಟು ಇಳಿಸಿ ನನ್ನ ಕೆಲಸ ಹೊಡೆದವರೂ ಇದ್ದಾರೆ. ನೀನು ಕಾಲೇಜಿನ ಕೆಲಸ ಕಿತ್ತುಕೊಂಡದ್ದು ನನ್ನ ಮುಖದ ಎದುರಿಗೇ. ಅದಕ್ಕೇ ನಿನ್ನನ್ನು ನಂಬುತ್ತೇನೆ.

ನಮ್ಮ ಪದ್ಧತಿ ಮರೆಯಬೇಡ. ಬದಲಿಗೆ ಹೋಗುವವನು ತನ್ನ ವಿಸಿಟಿಂಗ್ ಕಾರ್ಡನ್ನು ಮನೆಯಲ್ಲೇ ಬಿಟ್ಟು, ಕೆಲಸ ಯಾರದೋ ಅವರ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ತೆಗೆದದ್ದರಲ್ಲಿ ಒಂದು ಫ್ರೇಮನ್ನೂ ಅಳಿಸದೆ ಕಳಿಸಬೇಕು. ಮುಂದಿನ ಕೆಲಸದ ಮಾತು ಬಂದರೆ ಬಾಯಿಗೆ ಬೀಗ. ಹೇಗೆ ತೆಗೆಯಬೇಕು ಅಂತ ನಾನು ಹೇಳಿಕೊಡುವುದಿಲ್ಲ, ನೀನೇನು ನಿನ್ನೆ ಮೊನ್ನೆ ಕ್ಯಾಮೆರಾ ಹಿಡಿದವನಲ್ಲ.

ಅಕ್ಕ

(ಬರೆದವಳ ಸೇರ್ಪಡೆ: ಅಕ್ಕ ಎಡಗೈಯಲ್ಲಿ ಸಹಿ ಹಾಕಿ ಒಳಗೆ ಹೋದಳು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಲಗೈ ಇನ್ನು ಭುಜದ ಮಟ್ಟಕ್ಕಿಂತ ಮೇಲೆ ಏಳುವುದು ಅನುಮಾನ ಅಂದಿದ್ದಾರೆ ಡಾಕ್ಟರು. ಅಂದರೆ ಕ್ಯಾಮೆರಾ ಕಣ್ಣಿನವರೆಗೆ ಬರುವುದಿಲ್ಲ. ಅವಳಿಗೂ ಇದು ಗೊತ್ತು, ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತುವ ಹಾಗಿಲ್ಲ. ನಾನು ಹೇಳಿದೆ ಅಂತ ಹೇಳಬೇಡಿ.)


ಮೇ ೧೪

ಅಕ್ಕನಿಗೆ ನಮಸ್ಕಾರ.

ಸ್ವಲ್ಪ ನಕ್ಕಿದ್ದು ನಿಜ. ಭುಜದ ಮಾತು ಓದಿದ ಮೇಲೆ ನಿಲ್ಲಿಸಿದೆ.

ಪಕ್ಕದ ಮನೆಯವರಿಂದ ಕೀಲಿ ಇಸಿದುಕೊಂಡು ನಿಮ್ಮ ಕೋಣೆಗೆ ಹೋಗಿ ಸ್ಟೂಲು, ಫ್ಲ್ಯಾಶು, ವಿಸಿಟಿಂಗ್ ಕಾರ್ಡಿನ ಡಬ್ಬಿ ತಂದಿದ್ದೇನೆ. ಕಾರ್ಡಿನಲ್ಲಿರುವ ನಿಮ್ಮ ಫೋಟೋ ಯಾರು ತೆಗೆದದ್ದು? ಪೊಲೀಸ್ ಠಾಣೆಯ ಫಲಕಕ್ಕೆ ಹೇಳಿ ಮಾಡಿಸಿದಂತಿದೆ. ಮನೆಗೆ ಬಂದು ಸ್ಟೂಲು ಹತ್ತಿ ನೋಡಿದೆ, ತಲೆ ಫ್ಯಾನಿಗೆ ತಗಲುವುದರಲ್ಲಿತ್ತು. ನನ್ನ ಹೆಂಡತಿ ಇಳಿಸಿದಳು. ನೀವು ಅದನ್ನು ಹತ್ತಿ ನಿಂತರೂ ನನ್ನ ಕಿವಿಯವರೆಗೆ ಬರುತ್ತೀರಿ, ಅಷ್ಟಕ್ಕೆ ಇಷ್ಟೊಂದು ಗಲಾಟೆ.

ಕಾಲೇಜಿನ ಕೆಲಸ ಕಿತ್ತುಕೊಂಡೆ ಅಂತ ಇನ್ನೂ ಹೇಳುತ್ತೀರಲ್ಲ. ಪ್ರಿನ್ಸಿಪಾಲರು ಇಬ್ಬರ ಫೋಟೋಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರು, ನೀವೂ ಅಲ್ಲೇ ಕೂತಿದ್ದಿರಿ. ಆಮೇಲೆ ನೀವೇ ನನಗೆ ಕಾಫಿ ಕುಡಿಸಿ, ಒಂದು ತಿಂಗಳು ಮುಖ ಊದಿಸಿಕೊಂಡಿದ್ದಿರಿ.

ಕಾರ್ಖಾನೆಗೆ ಹೋಗುತ್ತೇನೆ, ಪದ್ಧತಿಯಂತೆಯೇ ಹೋಗುತ್ತೇನೆ. ನೀವು ಕಾಲು ಚಾಚಿ ಆರಾಮಾಗಿರಿ. ಮೂಳೆ ಕೂಡಿಕೊಂಡರೆ ಎಲ್ಲ ಮೊದಲಿನ ಹಾಗೇ ಆಗುತ್ತದೆ ಅನ್ನುತ್ತಾಳೆ ನನ್ನ ಹೆಂಡತಿ.

ನಿಮ್ಮ
ಲಂಬು


ಮೇ ೩೦

ಅಕ್ಕ,

ಕೆಲಸ ಮುಗಿಯಿತು. ಮೆಮೊರಿ ಕಾರ್ಡನ್ನು ಹತ್ತಿಯಲ್ಲಿ ಸುತ್ತಿ ಬೇರೆ ಪೊಟ್ಟಣದಲ್ಲಿ ರಿಜಿಸ್ಟರ್ ಮಾಡಿದ್ದೇನೆ. ಒಂದನ್ನೂ ಅಳಿಸಿಲ್ಲ. ನೀವು ಆರಿಸಿ ತಿಳಿಸಿದರೆ ಇಲ್ಲಿ ಪ್ರಿಂಟ್ ಹಾಕಿಸುತ್ತೇನೆ.

ಎಲ್ಲರೂ ನಿಮ್ಮನ್ನು ಕೇಳಿದರು. ಕುಲುಮೆಯ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಮ್ಮನ ಬದಲಿಗೆ ದೀಪದ ಕಂಬ ಕಳಿಸಿದ್ದಾರೆ ಅಂದರು. ಊದುವವರು ಕೊಳವೆ ಬಾಯಿಗಿಟ್ಟು ಕೆನ್ನೆ ಉಬ್ಬಿಸಿಕೊಂಡೇ ನನ್ನ ಕಡೆ ತಿರುಗಿ ನಗುತ್ತಿದ್ದರು. ಬಾಟ್ಲಮ್ಮ ಮಾತ್ರ ನಗಲಿಲ್ಲ. ಬಾಟಲಿ ನೋಡುವ ಹಾಗೆ ನನ್ನನ್ನೂ ಒಂದು ಸಲ ತಿರುಗಿಸಿ ನೋಡಿದಂತೆ ಮಾಡಿ ತನ್ನ ಜಾಗದಲ್ಲಿ ನಿಂತಳು.

ಕೊನೆಗೆ ಮ್ಯಾನೇಜರ್ ತಮ್ಮ ಕೋಣೆಗೆ ಕರೆದು ಟೀ ಕೊಟ್ಟರು. ಏನೇನೋ ಮಾತಾಡಿದರು, ಮುಖ್ಯವಾದದ್ದೇನಿಲ್ಲ.

ಭುಜ ಹೇಗಿದೆ?

ಲಂಬು


ಜೂನ್ ೧೧

ಛಾಯಾಗ್ರಾಹಕರಿಗೆ,

ನಿಮ್ಮ ಪೊಟ್ಟಣ ಬಂದಿದೆ. ಇನ್ನೂ ಬಿಚ್ಚಿ ನೋಡಿಲ್ಲ.

ಕಾರ್ಖಾನೆಯ ಮ್ಯಾನೇಜರ್ ನನ್ನ ಆರೋಗ್ಯ ವಿಚಾರಿಸಲು ಫೋನು ಮಾಡಿದ್ದರು. ಮುಂದಿನ ವರ್ಷದ ಕೆಲಸದ ಬಗ್ಗೆ ನಿಮ್ಮೊಂದಿಗೆ ಮಾತಾಡಿರುವುದಾಗಿಯೂ, ನಾನು ನಿಶ್ಚಿಂತೆಯಿಂದ ವಿಶ್ರಾಂತಿ ತೆಗೆದುಕೊಳ್ಳಬಹುದೆಂದೂ ಹೇಳಿದರು. ಆ ಮುಖ್ಯವಲ್ಲದ ಮಾತುಗಳು ಯಾವುವೆಂದು ತಾವು ದಯವಿಟ್ಟು ತಿಳಿಸಬೇಕು.

ಇದರಿಂದ ನನಗೆ ಬೇಜಾರಿಲ್ಲ. ಎಲ್ಲರಿಗೂ ಹೊಟ್ಟೆಪಾಡು ಇರುತ್ತದೆ.

ಇತಿ
ತಮ್ಮ ವಿಶ್ವಾಸಿ

(ಬರೆದವಳ ಸೇರ್ಪಡೆ: 'ನೀವು' ಅಂತಲೇ ಬರೆಯಬೇಕು ಅಂದಳು. ಪೊಟ್ಟಣವನ್ನು ಮೇಜಿನ ಮೇಲಿಟ್ಟುಕೊಂಡು ಅದರ ಎದುರಿಗೇ ಕೂತಿರುತ್ತಾಳೆ.)


ಜೂನ್ ೧೯

ಅಕ್ಕ,

ನೀವು ನನಗೆ ಬೈದಿದ್ದೀರಿ, ಜನರ ಎದುರು ಕಿವಿ ಹಿಂಡಿದ್ದೀರಿ, ಒಮ್ಮೆ ಲೆನ್ಸಿನ ಮುಚ್ಚಳ ಎಸೆದಿದ್ದೀರಿ. ಯಾವುದಕ್ಕೂ ನಾನು ಬೇಜಾರು ಮಾಡಿಕೊಂಡವನಲ್ಲ. ಈ 'ತಾವು' ಮಾತ್ರ ಅನ್ನದ ತಟ್ಟೆಯ ಮುಂದೆ ಕೂತಾಗಲೂ ನೆನಪಾಯಿತು.

ನಡೆದದ್ದು ಹೇಳುತ್ತೇನೆ. ಮ್ಯಾನೇಜರ್ ಟೀ ಕುಡಿಯುತ್ತಾ, ಮುಂದಿನ ವರ್ಷದಿಂದ ನೀವೇ ನೇರವಾಗಿ ಬನ್ನಿ, ಆ ಅಮ್ಮನಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ ಮಾಡಿಕೊಂಡರೆ ನಮಗೂ ಅನುಕೂಲ ಅಂದರು. ನಾನು ಜೇಬಿನಿಂದ ನಿಮ್ಮ ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ.

"ನನ್ನ ಕಾರ್ಡು ಮನೇಲಿದೆ ಸಾರ್. ಇವತ್ತು ನಾನು ಬಂದಿರೋದು ಇವರಾಗಿ. ಇವರನ್ನೇ ಕೇಳಿ" ಅಂದೆ.

ಅಷ್ಟು ದೂರ ಹೋಗಿ ಕೂತವರನ್ನು ಎಷ್ಟು ದಿನ ಅಂತ ಕಾಯುವುದು ಅಂದರು. ಕಾಯಿರಿ ಅಂದೆ. ಅದನ್ನೇ ಅವರು ನನ್ನೊಂದಿಗೆ ಮಾತಾಡಿದ್ದಾಗಿ ಹೇಳಿದ್ದಾರೆ, ಪುಣ್ಯಾತ್ಮರು. ನಿಮಗೆ ಯಾಕೆ ಬರೆಯಲಿಲ್ಲ ಅಂದರೆ, ಮಲಗಿರುವವರಿಗೆ ಇಂಥದ್ದೆಲ್ಲ ಬರೆಯುತ್ತಾರಾ? ಬರೆದಿದ್ದರೆ ನಾನು ನಿಯತ್ತಿನವನು ಅಂತ ಬೆನ್ನು ತಟ್ಟಿಸಿಕೊಳ್ಳಲು ಬರೆದೆ ಅಂತ ನೀವೇ ಅನ್ನುತ್ತಿದ್ದಿರಿ.

ಪೊಟ್ಟಣ ಒಡೆಯಿರಿ. ಬಾಟ್ಲಮ್ಮನಿಗೆ ಜುಲೈ ಕೊನೆಗೆ ನಿವೃತ್ತಿ.

ಲಂಬು


ಜೂನ್ ೨೭

ಲಂಬೂ,

ಇದು ನನ್ನ ಎಡಗೈ ಬರಹ. ಕಾಗೆ ಕಾಲು ಗುಬ್ಬಿ ಕಾಲು ಅನ್ನಬೇಡ. ಈ ಕಾಗದವನ್ನು ತಂಗಿಯ ಕೈಯಲ್ಲಿ ಬರೆಸುವ ಹಾಗಿರಲಿಲ್ಲ.

ಮೊದಲು ಮ್ಯಾನೇಜರ್ ವಿಷಯ. ನಾನು ಅನುಮಾನಪಟ್ಟದ್ದು ತಪ್ಪು. ಅದು ಅಲ್ಲಿಗೆ ಮುಗಿಯಿತು, ಈಗ ನಿನ್ನ ಸರದಿ.

ಪೊಟ್ಟಣ ಒಡೆದು ತಂಗಿಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ನೋಡಿದೆ. ಅಚ್ಚುಕಟ್ಟಾಗಿವೆ. ಯಾರ ಕಣ್ಣೂ ಮುಚ್ಚಿಲ್ಲ, ಯಾರ ತಲೆಯೂ ಕತ್ತರಿಸಿಲ್ಲ. ಟ್ಯೂಬ್‌ಲೈಟು ಉರಿಯುತ್ತಿದೆ, ಫ್ಲ್ಯಾಶು ಬಿದ್ದಿದೆ, ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ನಿಂತಿದ್ದಾರೆ. ನೋಡನೋಡುತ್ತಾ ಒಂದು ಅನುಮಾನ ಬಂತು. ಇವು ಎಲ್ಲೋ ನೋಡಿದ ಫೋಟೋಗಳಲ್ಲವಾ ಅಂತ. ಹೌದು, ಇವು ನನ್ನವೇ. ನಾನು ಪ್ರತಿವರ್ಷ ತೆಗೆಯುವುದು ಹೀಗೆಯೇ. ಕ್ಯಾಮೆರಾ ಇರುವ ಎತ್ತರ ಕೂಡ ನಿನ್ನದಲ್ಲ, ಸ್ಟೂಲಿನ ಮೇಲಿನ ನನ್ನದು. ನನ್ನ ಎತ್ತರಕ್ಕೆ ಇಳಿಯಲು ಏನು ಮಾಡಿದೆ, ಮೊಣಕಾಲು ಬಗ್ಗಿಸಿ ನಿಂತೆಯಾ?

ಆಮೇಲೆ ಕೊನೆಯ ಫ್ರೇಮ್ ಬಂತು. ಟ್ಯೂಬ್‌ಲೈಟು ಆರಿದೆ, ಪಾಳಿ ಬದಲಾಗುವ ಹೊತ್ತಿರಬೇಕು. ಬಾಟ್ಲಮ್ಮನಿಗೆ ನೀನು ಅಲ್ಲಿರುವುದೇ ಗೊತ್ತಿಲ್ಲ. ಬಾಟಲಿಯನ್ನು ಕುಲುಮೆಯ ಬಾಯಿಯ ಕಡೆ ಎತ್ತಿ ಹಿಡಿದಿದ್ದಾಳೆ, ಬೆಂಕಿಯ ಬೆಳಕು ಗಾಜಿನೊಳಗಿಂದ ಹಾದು ಅವಳ ಮುಖದ ಮೇಲೆ ಬಿದ್ದಿದೆ. ಅವಳ ಇಡೀ ಆಯಸ್ಸಿನ ಕೆಲಸ ಆ ಕಣ್ಣಿನಲ್ಲಿದೆ. ನಾನು ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ನೋಡಿದೆ.

ಹಾಗೆ ತೆಗೆಯಲು ಬರುವವನು ಉಳಿದವರನ್ನೆಲ್ಲ ಹೀಗೆ ಯಾಕೆ ತೆಗೆದ? ಉತ್ತರ ನನಗೆ ಗೊತ್ತು. ನನ್ನ ತಂಗಿ ನಿನಗೆ ಏನೋ ಬರೆದಿದ್ದಾಳೆ. ಪಾಪ, ಮುದುಕಿಗೆ ಕೈ ಹೋಯಿತು, ಕೆಲಸವಾದರೂ ಇರಲಿ ಅಂತ ನೀನು ಧಾರಾಳ ತೋರಿಸಿದ್ದೀಯ. ನೀನು ಧಾರಾಳ ತೋರಿಸಿದ್ದು ಯಾರ ಗಂಟಿನಿಂದ? ಆ ಊದುವವರ, ಮೇಸ್ತ್ರಿಯ, ಹೊರುವವರ ಮನೆಗೆ ವರ್ಷಕ್ಕೆ ಹೋಗುವುದು ಒಂದೇ ಫೋಟೋ. ನನ್ನ ಅನ್ನ ಉಳಿಸಲು ಅವರ ಅನ್ನಕ್ಕೆ ಕಲ್ಲು ಹಾಕುತ್ತೀಯಾ?

ಈ ಫೋಟೋಗಳಲ್ಲಿ ಒಂದೂ ಗೋಡೆಗೆ ಹೋಗುವುದಿಲ್ಲ, ಬಾಟ್ಲಮ್ಮನದೊಂದನ್ನು ಬಿಟ್ಟು. ಹೋಗಿ ಎಲ್ಲರನ್ನೂ ಮತ್ತೆ ತೆಗೆ. ನಿನ್ನ ಎತ್ತರದಲ್ಲಿ ನಿಂತು ತೆಗೆ.

ಅಕ್ಕ


ಜುಲೈ ೧೦

ಅಕ್ಕ,

ಹೌದು, ಮೊಣಕಾಲು ಬಗ್ಗಿಸಿ ನಿಂತಿದ್ದೆ. ಮರುದಿನ ಮೆಟ್ಟಿಲು ಇಳಿಯಲು ಆಗಲಿಲ್ಲ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ನಾನು ನನ್ನ ಹಾಗೇ ತೆಗೆದಿದ್ದರೆ ಮುಂದಿನ ವರ್ಷ ಅವರು ನಿಮ್ಮನ್ನು ಕರೆಯುವುದಿಲ್ಲ ಅಂತ ನನಗೆ ಗೊತ್ತಿತ್ತು. ವಿಸಿಟಿಂಗ್ ಕಾರ್ಡು ಮನೆಯಲ್ಲಿ ಬಿಟ್ಟು ಹೋಗಬಹುದು, ಕೈಯನ್ನು ಬಿಟ್ಟು ಹೋಗಲು ಆಗುತ್ತದಾ? ಆದ್ದರಿಂದ ಕೈಯನ್ನೂ ನಿಮ್ಮದನ್ನೇ ಮಾಡಿಕೊಳ್ಳಲು ನೋಡಿದೆ. ಅದೇ ಮರ್ಯಾದೆ ಅಂದುಕೊಂಡಿದ್ದೆ. ಆ ಕೆಲಸ ನನಗೆ ಬೇಡವಾಗಿತ್ತು ಅಂತ ಸುಳ್ಳು ಹೇಳುವುದಿಲ್ಲ. ತುಂಬಾ ಬೇಕಾಗಿತ್ತು. ಬೇಕಾಗಿದ್ದರಿಂದಲೇ ಹೆಚ್ಚು ಬಗ್ಗಿದೆ.

ಕೊನೆಯ ಫ್ರೇಮನ್ನು ತೆಗೆದದ್ದು ಬೇಕೆಂದಲ್ಲ. ನಿಮ್ಮ ಎತ್ತರ ಅಳೆಯಲು ಒಯ್ದಿದ್ದ ಸ್ಟೂಲು ಎತ್ತಿಕೊಂಡು ಹೊರಟಿದ್ದೆ. ದೀಪ ಆರಿತು, ತಿರುಗಿ ನೋಡಿದೆ, ಆಕೆ ಹಾಗೆ ನಿಂತಿದ್ದಳು. ಆಗ ಬೆರಳು ನನ್ನ ಮಾತು ಕೇಳಲಿಲ್ಲ.

ಸರಿ, ಮತ್ತೆ ಹೋದೆ. ಕ್ಯಾಮೆರಾ ಕೆಟ್ಟಿತ್ತು ಅಂತ ಮ್ಯಾನೇಜರಿಗೆ ಹೇಳಿದೆ. ಅವರು ಗಂಟುಮುಖ ಹಾಕಿಕೊಂಡರೂ ಒಪ್ಪಿದರು. ಈ ಸಲ ದೀಪ ಆರಿಸಲು ಹೇಳಿದೆ. ಯಾರನ್ನೂ ನಿಲ್ಲಿಸಲಿಲ್ಲ, ಅವರು ಕೆಲಸ ಮಾಡುತ್ತಲೇ ಇರಲಿ ಅಂದೆ. ಬೆವರು, ಹೊಗೆ, ಬಾಯಲ್ಲಿ ಕೊಳವೆ, ಎಲ್ಲವನ್ನೂ ಇದ್ದ ಹಾಗೇ ತೆಗೆದೆ. ಬಾಟ್ಲಮ್ಮನಿಗೆ ಎರಡೂ ಫೋಟೋ ತೋರಿಸಿದೆ. ನಿಲ್ಲಿಸಿ ತೆಗೆದಿದ್ದ ಮೊದಲನೆಯದನ್ನು ಒಂದು ಕ್ಷಣ ನೋಡಿ ಪಕ್ಕಕ್ಕಿಟ್ಟಳು.

"ಇದು ಪಾಸ್‌ಬುಕ್ಕಿಗೆ ಆಗುತ್ತೆ. ಇನ್ನೊಂದು ನಾನು" ಅಂದಳು.

ಪ್ರಿಂಟ್ ಹಾಕಿಸಿ ಎಲ್ಲವನ್ನೂ ಗೋಡೆಗೆ ಏರಿಸಿದ್ದಾಯಿತು. ಪದ್ಧತಿಯಂತೆ ಕೆಳಗೆ ನಿಮ್ಮ ಹೆಸರೇ ಇದೆ. ಅದರಲ್ಲಿ ಮಾತ್ರ ನನಗೆ ಬುದ್ಧಿ ಹೇಳಬೇಡಿ.

ಲಂಬು


ಜುಲೈ ೨೦

ಲಂಬೂ,

ಬುದ್ಧಿ ಹೇಳುವುದಿಲ್ಲ. ಮ್ಯಾನೇಜರಿಗೆ ಕಾಗದ ಬರೆದು ಹೇಳಿದ್ದೇನೆ, ಈ ವರ್ಷದ ಫೋಟೋ ನನ್ನದಲ್ಲ, ತೆಗೆದವನ ಹೆಸರು ಹಾಕಿ ಅಂತ. ನಾನು ತೆಗೆಯದ ಫೋಟೋದ ಕೆಳಗೆ ಇವತ್ತಿನವರೆಗೆ ನನ್ನ ಹೆಸರು ಬಂದಿಲ್ಲ, ಇನ್ನು ಮುಂದೆಯೂ ಬರುವುದಿಲ್ಲ. ಬದಲಿಗೆ ಹೋದವನು ಕದಿಯದಿರಲಿ ಅಂತ ನಾವು ಆ ಪದ್ಧತಿ ಮಾಡಿಕೊಂಡದ್ದು. ಕದಿಯುವುದು ನನ್ನಿಂದಲೂ ಆಗಬಾರದು.

ನೀನು ಕಳಿಸಿದ ಪ್ರತಿಗಳನ್ನು ಗೋಡೆಗೆ ಒರಗಿಸಿ ಇಟ್ಟುಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಭುಜ ಮುರಿದದ್ದು ಇಷ್ಟು ನೋಯಲಿಲ್ಲ. ನೀನು ಬೇಕೆಂದೇ ಸಪ್ಪೆಯಾಗಿ ತೆಗೆದದ್ದು ನನ್ನ ಎಂದಿನ ಕೆಲಸದ ಹಾಗೇ ಇತ್ತಲ್ಲ, ಅದು ನೋಯಿತು. ಒಂದೇ ಬಾಗಿಲಿಂದ ಪ್ರತಿವರ್ಷ ಒಳಗೆ ಹೋಗಿ, ಅದೇ ಜಾಗದಲ್ಲಿ ಸ್ಟೂಲು ಹಾಕಿ, ನೋಡುವುದನ್ನೇ ಬಿಟ್ಟಿದ್ದೆ ನಾನು. ಸ್ಪರ್ಧೆ ಇಲ್ಲದ ಕೆಲಸ ಹಾಗೆ ಮಾಡುತ್ತದೆ.

ತಂಗಿ ಏನು ಬರೆದಳೋ ಕೇಳಿ ತಿಳಿದುಕೊಂಡೆ. ಅವಳು ಹೇಳಿದ್ದು ಸರಿ, ಕೈ ಮೇಲೆ ಬರುವುದಿಲ್ಲ. ಈಗ ಅವಳೂ ನಾನೂ ಇಬ್ಬರೂ ಬಾಯಿಬಿಟ್ಟು ಹೇಳಿದಂತಾಯಿತು.

ಆದರೆ ಒಂದು ಮಾತು ಕಿವಿಗೊಟ್ಟು ಕೇಳು. ಮುಂದಿನ ವರ್ಷ ನಾನು ಆ ಕೆಲಸಕ್ಕೆ ಬರುತ್ತೇನೆ, ನಿನ್ನ ಎದುರಿಗೆ ಬರುತ್ತೇನೆ. ನೀನು ಎಲ್ಲಾದರೂ ಒಂದು ಕೂದಲಿನಷ್ಟು ಬಿಟ್ಟುಕೊಟ್ಟರೆ ನನಗೆ ಗೊತ್ತಾಗುತ್ತದೆ. ಮುರಿದದ್ದು ಭುಜ, ಕಣ್ಣಲ್ಲ.

ಅಕ್ಕ


ಫೆಬ್ರವರಿ ೪

ಅಕ್ಕನಿಗೆ ನಮಸ್ಕಾರ.

ಇಷ್ಟು ತಿಂಗಳು ನೀವೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಮಧ್ಯೆ ಎರಡು ಸಲ ಬರೆಯಲು ಕೂತೆ. ನಿಮ್ಮ ಕೈ ವಿಚಾರಿಸಿದರೆ ಎದುರಾಳಿಯ ಬಲ ಅಳೆಯುತ್ತಿದ್ದಾನೆ ಅಂದುಕೊಳ್ಳುತ್ತೀರಿ, ವಿಚಾರಿಸದಿದ್ದರೆ ಕಟುಕ ಅನ್ನುತ್ತೀರಿ. ಹೆಂಡತಿ, ನಿಮ್ಮಿಬ್ಬರದು ಮುಗಿಯುವ ಕಥೆಯಲ್ಲ ಅಂತ ಹೇಳಿ ಪೆನ್ನು ಎತ್ತಿಟ್ಟಳು.

ಈಗ ಬರೆಯಲೇಬೇಕಾಗಿದೆ. ಕಾರ್ಖಾನೆಯ ಮ್ಯಾನೇಜರ್ ಕರೆಸಿ, ಗೋಡೆಯ ಮೇಲೆ ನಿಮ್ಮ ಹೆಸರಿದೆಯಲ್ಲ, ಇನ್ನು ಪ್ರತಿವರ್ಷ ನೀವೇ ಬನ್ನಿ ಅಂದರು. ಅಕ್ಕನನ್ನೂ ಕರೆಯದಿದ್ದರೆ ನಾನು ಬರುವುದಿಲ್ಲ ಅಂದೆ. ಕನಿಕರಕ್ಕೆ ಹಾಗೆ ಹೇಳಿದೆ ಅಂತ ಮುಚ್ಚಳ ಎಸೆಯಬೇಡಿ. ನೀವು ಮಲಗಿರುವಾಗ ಓಡಿ ಮೊದಲು ಬಂದೆ ಅಂತ ಹೇಳಿಕೊಳ್ಳುವಷ್ಟು ಮಾನಗೆಟ್ಟವನಲ್ಲ ನಾನು.

ಕೊನೆಗೆ ಹೀಗೆ ತೀರ್ಮಾನವಾಗಿದೆ. ಇಬ್ಬರಿಗೂ ಒಂದೊಂದು ದಿನ ಒಳಗೆ ಬಿಡುತ್ತಾರೆ. ಇಬ್ಬರೂ ಹನ್ನೆರಡು ಫೋಟೋ ಕೊಡಬೇಕು. ಹೆಸರು ಹಾಕದೆ ಅವನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸುತ್ತಾರೆ, ಕೆಲಸಗಾರರೇ ಆರಿಸುತ್ತಾರೆ. ರೇಟು ಇಬ್ಬರಿಗೂ ಒಂದೇ, ಅದನ್ನು ಇಳಿಸಿ ಗೆಲ್ಲುವ ಹಾಗಿಲ್ಲ ಅಂತ ನಾನೇ ಬರೆಸಿಕೊಂಡೆ. ನಿಮ್ಮ ದಿನ ಮಾರ್ಚ್ ಐದು, ನನ್ನದು ಮರುದಿನ.

ಇದನ್ನೂ ಹೇಳಿಬಿಡುತ್ತೇನೆ. ಈ ವರ್ಷ ನನಗೆ ಕೆಲಸ ಅಷ್ಟಕ್ಕಷ್ಟೇ. ಈ ಒಂದು ಕೆಲಸ ಸಿಕ್ಕರೆ ಉಳಿದ ತಿಂಗಳುಗಳಿಗೆ ಹೆದರಬೇಕಾಗಿಲ್ಲ. ಆದ್ದರಿಂದ ಅಕ್ಕ, ನಾನು ನಿಮ್ಮನ್ನು ಸೋಲಿಸಲು ಬರುತ್ತಿದ್ದೇನೆ.

ಲಂಬು


ಫೆಬ್ರವರಿ ೧೩

ಲಂಬೂ,

ಬರುತ್ತೇನೆ. ತಂಗಿ ಜೊತೆಗೆ ಬರುತ್ತಾಳೆ, ಅದೇ ದಿನ ರೈಲು ಹತ್ತಿ ವಾಪಸ್ಸು. ನಿನ್ನನ್ನು ನೋಡಲು ಬರುವುದಿಲ್ಲ, ಆಟ ಮುಗಿಯುವವರೆಗೆ ಎದುರಾಳಿಯ ಮನೆಯ ಟೀ ಕುಡಿಯಬಾರದು.

ಸ್ಟೂಲು ತರಬೇಕಾ ಅಂತ ಕೇಳಬೇಡ, ಬೇಡ.

ಅಕ್ಕ


ಮಾರ್ಚ್ ೨೧

ಅಕ್ಕ,

ಮ್ಯಾನೇಜರ್ ನಿಮಗೆ ಫೋನು ಮಾಡುವುದಕ್ಕೆ ಮೊದಲು ಈ ಕಾಗದ ತಲುಪಲಿ ಅಂತ ನನಗೆ ಆಸೆ. ಕೆಲಸ ನಿಮ್ಮದು. ನಾನು ಸೋತೆ.

ಮೊನ್ನೆ ಕ್ಯಾಂಟೀನಿಗೆ ಹೋಗಿ ಕೆಲಸಗಾರರ ಹಿಂದೆ ನಿಂತು ನೋಡಿದೆ. ನನ್ನ ಫೋಟೋಗಳು ಚೆನ್ನಾಗಿದ್ದವು ಅಕ್ಕ. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಬೆಂಕಿ, ಬೆಳಕು, ಹೊಗೆ, ಬಾಯಿ ಬಿಟ್ಟುಕೊಂಡು ನೋಡುವಂತಿದ್ದವು. ಪಕ್ಕದ ಹನ್ನೆರಡು ನಿಮ್ಮವೇ ಇರಬೇಕು ಅಂತ ಗೊತ್ತಿದ್ದರೂ ನೋಡಿದಾಗ ನಂಬಲು ಆಗಲಿಲ್ಲ. ನಂಬಿದ್ದು ಮೇಸ್ತ್ರಿ ಹೇಳಿದ ಮೇಲೆ.

ನೀವು ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತಿದ್ದಿರಂತೆ. ಕ್ಯಾಮೆರಾ ಮಡಿಲಿನಲ್ಲಿತ್ತಂತೆ, ಅದರ ಪರದೆಯನ್ನು ಮೇಲಕ್ಕೆ ತಿರುಗಿಸಿಕೊಂಡು ತಲೆ ಬಗ್ಗಿಸಿ ನೋಡುತ್ತಾ, ಸೊಪ್ಪು ಸೋಸುವವರ ಹಾಗೆ ತೆಗೆದಿರಂತೆ. ಅಮ್ಮ ಫೋಟೋ ತೆಗೀತಾ ಇದ್ದಾರೆ ಅಂತ ನಮಗೆ ಅನ್ನಿಸ್ಲೇ ಇಲ್ಲ ಅಂದರು ಮೇಸ್ತ್ರಿ. ನನ್ನ ಫೋಟೋದಲ್ಲಿ ಅವರನ್ನು ನಾನು ನೋಡುತ್ತಿದ್ದೇನೆ. ನಿಮ್ಮದರಲ್ಲಿ ಅವರು ತಮ್ಮ ಕೆಲಸದ ಮೇಲೆ ಬಗ್ಗಿದ್ದಾರೆ, ನಾವು ಆ ಕೆಲಸದ ಜಾಗದಲ್ಲಿ ಕೂತು ಅವರ ಮುಖ ನೋಡುತ್ತಿದ್ದೇವೆ. ಬಾಟಲಿಗೆ ಕಣ್ಣಿದ್ದರೆ ಅವರನ್ನು ಹಾಗೆ ನೋಡುತ್ತಿತ್ತು. ನನ್ನ ಎತ್ತರಕ್ಕೆ ಅದು ಈ ಜನ್ಮದಲ್ಲಿ ಕಾಣುತ್ತಿರಲಿಲ್ಲ.

ಒಬ್ಬ ಊದುವವನು ನಿಮ್ಮ ಫೋಟೋದ ಮುಂದೆ ನಿಂತು, ನನ್ನ ಮಗಳು ನನ್ನ ಕಾಲ ಹತ್ರ ಕೂತು ನೋಡಿದ್ರೆ ನಾನು ಹೀಗೆ ಕಾಣ್ತೀನಿ ಅಂದ. ಆಗಲೇ ನನಗೆ ಗೊತ್ತಾಯಿತು, ನಾನು ಸೋತೆ ಅಂತ.

ಹೊಟ್ಟೆ ಉರಿಯಿತು. ಮನೆಗೆ ನಡೆದುಕೊಂಡೇ ಬಂದೆ. ಅರ್ಧ ದಾರಿಯಲ್ಲಿ ಹೊಟ್ಟೆಯುರಿ ಹೋಗಿ ಏನೋ ಬೇರೆ ಬಂತು. ಮನೆ ತಲುಪಿ ಹೆಂಡತಿಗೆ ಹೇಳಿದೆ, ಊರಿನಲ್ಲಿ ನನ್ನನ್ನು ಸೋಲಿಸಬಲ್ಲವರು ಒಬ್ಬರೇ, ಅವರು ಭುಜ ಮುರಿದುಕೊಂಡು ಸೋಲಿಸಿದರು ಅಂತ. ಹೇಳುವಾಗ ನಾನು ಮೀಸೆ ತಿರುವುತ್ತಿದ್ದೆನಂತೆ. ಸೋತದ್ದು ನೀನೋ ಅವರೋ ಅಂತ ಅವಳು ಕೇಳಿದಳು.

ಲಂಬು


ಮಾರ್ಚ್ ೨೯

ಲಂಬೂ,

ಸಂತೋಷ. ಆದರೆ ಈಗಲೇ ನಂಬುವುದಿಲ್ಲ.

ನೀನು ಆ ದಿನ ತೆಗೆದ ಮೆಮೊರಿ ಕಾರ್ಡು ಕಳಿಸು. ಹನ್ನೆರಡಲ್ಲ, ಎಲ್ಲವೂ ಬೇಕು. ಒಂದು ಫ್ರೇಮನ್ನೂ ಅಳಿಸಬೇಡ.

ಅಕ್ಕ


ಏಪ್ರಿಲ್ ೧೪

ಲಂಬೂ,

ಕಾರ್ಡು ಬಂತು. ಇದು ಬಲಗೈ ಬರಹ, ಗಮನಿಸಿದೆಯಾ? ಭುಜ ಏಳದಿದ್ದರೂ ಮೇಜಿನ ಮೇಲೆ ಬೆರಳು ಓಡುತ್ತದೆ.

ಇಡೀ ದಿನ ಕೂತು ನೋಡಿದೆ. ತಂಗಿ ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆಯನ್ನೇ ತಂದು ಪಕ್ಕದಲ್ಲಿಟ್ಟಳು. ನಾನು ಹುಡುಕುತ್ತಿದ್ದದ್ದು ಏನೆಂದು ನಿನಗೆ ಗೊತ್ತು. ಎಲ್ಲಾದರೂ ಒಂದು ಒಳ್ಳೆಯ ಫ್ರೇಮನ್ನು ಬದಿಗೆ ಸರಿಸಿ ಸಾಧಾರಣದ್ದನ್ನು ಕೊಟ್ಟಿದ್ದೀಯಾ, ಎಲ್ಲಾದರೂ ಬೆಳಕು ಸಿಕ್ಕಾಗ ಬೆರಳು ತಡೆದಿದ್ದೀಯಾ ಅಂತ ಹುಡುಕಿದೆ. ಬಾಟ್ಲಮ್ಮ ಬಾಟಲಿಯಲ್ಲಿ ಬಿರುಕು ಹುಡುಕುವ ಹಾಗೆ, ಪ್ರತಿಯೊಂದನ್ನೂ ಎತ್ತಿ ಹಿಡಿದು ತಿರುಗಿಸಿ ನೋಡಿದೆ.

ಒಂದೂ ಇಲ್ಲ. ಒಬ್ಬನ ಬೆವರಿನ ಒಂದು ಹನಿಗಾಗಿ ಅಷ್ಟೊಂದು ಫ್ರೇಮ್ ತೆಗೆದಿದ್ದೀಯ. ಕುಲುಮೆಗೆ ಎಷ್ಟು ಹತ್ತಿರ ಹೋಗಿದ್ದೀಯ ಅಂದರೆ ನಿನ್ನ ಹುಬ್ಬು ಸುಟ್ಟಿರಬೇಕು. ಆರಿಸಿ ಕೊಟ್ಟ ಹನ್ನೆರಡೂ ನಾನೇ ಆರಿಸುತ್ತಿದ್ದ ಹನ್ನೆರಡು. ಕೊನೆಯ ಫ್ರೇಮಿನವರೆಗೂ ನೀನು ಎಲ್ಲೂ ಮೊಣಕಾಲು ಬಗ್ಗಿಸಿಲ್ಲ. ನಿನ್ನ ಪೂರ್ತಿ ಎತ್ತರದಲ್ಲಿ ನಿಂತು, ನನ್ನನ್ನು ಸೋಲಿಸಲೇಬೇಕು ಅಂತ ತೆಗೆದಿದ್ದೀಯ.

ಹಾಗಾದರೆ ನಾನು ಗೆದ್ದದ್ದು ನಿಜ.

ನನ್ನ ಕೈ ಹೋಯಿತು ಅಂತ ಡಾಕ್ಟರು ಹೇಳಿದ ದಿನದಿಂದ ಎಲ್ಲರೂ ನನಗೆ ಏನಾದರೂ ಒಂದು ಕೊಡುತ್ತಲೇ ಇದ್ದಾರೆ. ದಿಂಬು, ಹಣ್ಣು, ಸಮಾಧಾನ. ಕೊಡದೆ ಗುದ್ದಾಡಿದವನು ನೀನೊಬ್ಬ. ನಿನ್ನ ಮೇಲೆ ನನಗೆ ಎಷ್ಟು ಹೆಮ್ಮೆ ಅಂತ ಇದಕ್ಕಿಂತ ಹೆಚ್ಚು ಬರೆದರೆ ನಿನ್ನ ತಲೆ ನಿಜವಾಗಿಯೂ ಫ್ಯಾನಿಗೆ ತಗಲುತ್ತದೆ.

ಮುಂದಿನ ತಿಂಗಳು ನನ್ನ ಕೋಣೆಗೆ ವಾಪಸ್ಸು ಬರುತ್ತೇನೆ. ತಂಗಿ ಬೇಡ ಅನ್ನುತ್ತಾಳೆ, ಅನ್ನಲಿ. ಕಾಲೇಜಿನವರು ಈ ವರ್ಷವೂ ಇಬ್ಬರ ಫೋಟೋ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ, ನಾನೂ ಹೆಸರು ಕೊಟ್ಟಿದ್ದೇನೆ. ನಿನ್ನ ಹೆಂಡತಿಗೆ ಈಗಲೇ ಹೇಳಿಡು. ಸ್ಟೂಲನ್ನು ನೀನೇ ಇಟ್ಟುಕೋ, ಅದರ ಮೇಲೆ ಹೂವಿನ ಕುಂಡ ಇಡಬಹುದು.

ಕಾರ್ಖಾನೆಯ ಕೆಲಸ ಮೇ ಕೊನೆಗೆ. ಅಷ್ಟರಲ್ಲಿ ನನಗೆ ಜ್ವರವೋ ನೆಗಡಿಯೋ ಬಂದರೆ ಬದಲಿಗೆ ಹೋಗಬೇಕಾದವನು ನೀನೇ, ಬೇರೆ ಯಾರನ್ನೂ ಕಳಿಸುವುದಿಲ್ಲ. ನಿನ್ನ ಕಾರ್ಡು ಮನೆಯಲ್ಲಿ ಬಿಟ್ಟು, ನನ್ನ ಕಾರ್ಡು ಜೇಬಿನಲ್ಲಿಟ್ಟುಕೊಂಡು ಹೋಗು. ಒಳಗೆ ಹೋದ ಮೇಲೆ ನೆಟ್ಟಗೆ ನಿಲ್ಲು.

ಅಕ್ಕ